ತೂಕ ಮತ್ತೆ ಏರಿದಾಗ

ಹೆಬ್ಬಾಳದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ನಾನು ಡಯಟಿಷಿಯನ್ ಆಗಿ ಸೇರಿದಾಗ ನನಗೆ ಕೋಣೆ ಇರಲಿಲ್ಲ. ಔಷಧಿ ಕೌಂಟರಿನ ಪಕ್ಕ, ಜನ ಓಡಾಡುವ ಜಾಗದಲ್ಲೇ ಒಂದು ಮೇಜು ಹಾಕಿ ಕೊಟ್ಟಿದ್ದರು. ಮೇಜಿನ ಮುಂದೆ ತೂಕದ ಮಿಷನ್ನು. ರೋಗಿ ಅದರ ಮೇಲೆ ನಿಂತೊಡನೆ ನರ್ಸ್ ತೂಕವನ್ನು ಕೂಗಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಮಾತ್ರೆ ಕೊಳ್ಳಲು ಸಾಲಿನಲ್ಲಿ ನಿಂತವರಿಗೆಲ್ಲ ಅದು ಕೇಳಿಸುತ್ತಿತ್ತು. ದಪ್ಪಗಿರುವ ಹೆಂಗಸರು ಮಿಷನ್ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದರು, ಕೈಚೀಲ ಇಡುತ್ತಿದ್ದರು, ವಾಚು ಸಹ ಬಿಚ್ಚುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಗ ನಾವು ಕೊಡುತ್ತಿದ್ದ ಚಿಕಿತ್ಸೆ ಎಂದರೆ ಒಂದು ಅಚ್ಚು ಹಾಕಿಸಿದ ಹಾಳೆ. ಒಂದು ಕಡೆ ತಿನ್ನಬಹುದಾದದ್ದು, ಇನ್ನೊಂದು ಕಡೆ ತಿನ್ನಬಾರದ್ದು. ವಿದ್ಯಾರಣ್ಯಪುರದ ಸ್ಕೂಲ್ ಟೀಚರಿಗೂ ಅದೇ ಹಾಳೆ, ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವವನಿಗೂ ಅದೇ ಹಾಳೆ. ಅದರಲ್ಲಿ ಓಟ್ಸ್ ಇತ್ತು, ಮುದ್ದೆ ಇರಲಿಲ್ಲ. ಆ ಹಾಳೆ ತಯಾರು ಮಾಡಿದವರು ಯಾರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ನಮಗಿಂತ ಚೆನ್ನಾಗಿ ಓದಿದ್ದಾರೆ. ಪುಸ್ತಕದಲ್ಲಿರುವುದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ. ನಾನು ಕಂಡ ಒಬ್ಬರ ವಿಷಯ ಹೇಳಿದರೆ ಉಪಯೋಗವಾದೀತು ಎನಿಸಿ ಬರೆಯುತ್ತಿದ್ದೇನೆ.

ಅವರ ಹೆಸರು ಆಂಜಿನಪ್ಪ. ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆತನ. ಅಪ್ಪನ ಕಾಲದಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಅಣ್ಣ ಪಿಳ್ಳಪ್ಪ ಬಾಡಿಗೆ ವ್ಯವಹಾರ ನೋಡಿಕೊಂಡರೆ ಇವರು ಸಿಮೆಂಟು ಕಬ್ಬಿಣದ ಅಂಗಡಿ ನಡೆಸುತ್ತಿದ್ದರು. ಮೊದಲ ಸಲ ಬಂದಾಗ ನಲವತ್ತರ ಆಸುಪಾಸು. ಮಂಡಿ ನೋವೆಂದು ಬಂದವರನ್ನು ನಮ್ಮ ಹಿರಿಯ ವೈದ್ಯರಾದ ಡಾಕ್ಟರ್ ಶ್ರೀಕಂಠಯ್ಯನವರು ನನ್ನ ಮೇಜಿಗೆ ಕಳಿಸಿದ್ದರು.

ನನ್ನೆದುರಿಗಿದ್ದ ಕುರ್ಚಿ ಕೈಗಳಿರುವಂಥದ್ದು. ಅವರು ಅದನ್ನೊಮ್ಮೆ ನೋಡಿ, ಗೋಡೆಗೆ ಒರಗಿ ನಿಂತರು.

"ಕೂತ್ಕೊಳ್ಳಿ" ಎಂದೆ.

"ಬೇಡ ಬಿಡಿ ಮೇಡಂ. ಕೂತ್ರೆ ಎದ್ದಾಗ ಕುರ್ಚಿನೂ ನನ್ ಜೊತೇಲೇ ಬತ್ತದೆ."

ಸುತ್ತಲಿದ್ದವರು ನಕ್ಕರು, ಅವರೂ ನಕ್ಕರು. ತೂಕದ ಮಿಷನ್ ಹತ್ತುವಾಗಲೂ, "ಮುರಿದೋದ್ರೆ ನನ್ ಲೆಕ್ಕಕ್ಕೆ ಆಕ್ಬೇಡಿ" ಎಂದರು. ಬೇರೆಯವರು ಆಡುವ ಮೊದಲೇ ತಮ್ಮ ಬಗ್ಗೆ ತಾವೇ ತಮಾಷೆ ಮಾಡಿಕೊಂಡುಬಿಡುವುದು ಇಂಥವರಲ್ಲಿ ಅನೇಕರ ಅಭ್ಯಾಸ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಡಾಕ್ಟರ್ ಶ್ರೀಕಂಠಯ್ಯನವರ ಬಗ್ಗೆ ಒಂದು ಮಾತು ಹೇಳಬೇಕು. ಹೊಟ್ಟೆ ಮುಟ್ಟಿ ನೋಡಿಯೇ ಏನಾಗಿದೆಯೆಂದು ಹೇಳುವಷ್ಟು ಅನುಭವವಿದ್ದ ವೈದ್ಯರು. ಜ್ವರ ಬಂದ ಮಗುವಿನ ಮನೆಯವರು ರಜಾ ದಿನ ಫೋನ್ ಮಾಡಿದರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಆದರೆ ದಪ್ಪಗಿರುವವರನ್ನು ಕಂಡರೆ ಮಾತ್ರ ಅವರ ದನಿಯೇ ಬದಲಾಗುತ್ತಿತ್ತು. "ಬಾಯಿಗೆ ಬೀಗ ಹಾಕಿ, ಎಲ್ಲ ಸರಿಹೋಗುತ್ತೆ" ಎನ್ನುವುದೇ ಅವರ ಔಷಧಿ. ಆಂಜಿನಪ್ಪನವರಿಗೂ ಅದನ್ನೇ ಹೇಳಿದರು.

ಆಂಜಿನಪ್ಪ ನಿಜವಾಗಿಯೂ ಬಾಯಿಗೆ ಬೀಗ ಹಾಕಿದರು. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಎರಡು ಚಪಾತಿ, ಸಂಜೆ ಸೌತೆಕಾಯಿ. ಹಬ್ಬವಿಲ್ಲ, ಮದುವೆಮನೆಯಿಲ್ಲ. ಬೆಳಗಿನ ಜಾವಕ್ಕೇ ಎದ್ದು ನಡೆಯುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಎಷ್ಟು ಇಳಿದರೆಂದರೆ, ಅಂಗಡಿಗೆ ಬರುವ ಮೇಸ್ತ್ರಿಗಳೇ "ನೀವು ಆಂಜಿನಪ್ಪನವರ ತಮ್ಮನಾ?" ಎಂದು ಕೇಳುತ್ತಿದ್ದರಂತೆ. ಈ ಸಲ ನನ್ನೆದುರಿನ ಕುರ್ಚಿಯಲ್ಲಿ ಆರಾಮವಾಗಿ ಕುಳಿತು ಪೇಡೆ ಡಬ್ಬಿ ಮುಂದಿಟ್ಟರು. "ನೀವ್ ತಿನ್ನಿ ಮೇಡಂ, ನಾನ್ ಮುಟ್ಟಲ್ಲ" ಎಂದರು.

ನಮ್ಮ ಆಸ್ಪತ್ರೆಯ ಮ್ಯಾನೇಜರಿಗೆ ಒಂದು ಉಪಾಯ ಹೊಳೆಯಿತು. ಆಂಜಿನಪ್ಪನವರ ಮೊದಲಿನ ಫೋಟೋ ಒಂದು, ಈಗಿನದು ಒಂದು, ಎರಡನ್ನೂ ಅಕ್ಕಪಕ್ಕ ಹಾಕಿ ಆಳೆತ್ತರದ ಬೋರ್ಡು ಮಾಡಿಸಿದರು. 'ಇವರಿಂದ ಸಾಧ್ಯವಾಯಿತು, ನಿಮ್ಮಿಂದ ಯಾಕಿಲ್ಲ?' ಎಂದು ಅದರ ಕೆಳಗೆ ಬರೆಸಿ ಮುಖ್ಯ ಬಾಗಿಲಲ್ಲಿ ನಿಲ್ಲಿಸಿದರು. ಆಂಜಿನಪ್ಪ ಅದರ ಪಕ್ಕ ನಿಂತು ಮನೆಯವರನ್ನೆಲ್ಲ ಕರೆಸಿ ಫೋಟೋ ತೆಗೆಸಿಕೊಂಡರು. ನಮಗೂ ಹೆಮ್ಮೆ. ಅದರಿಂದ ಯಾರಿಗಾದರೂ ತೊಂದರೆಯಾದೀತೆಂದು ಯಾರಿಗೂ ತೋಚಲಿಲ್ಲ.

ಅದಾದ ಮೇಲೆ ತೂಕ ಏರತೊಡಗಿತು. ಮೊದಮೊದಲು ಸ್ವಲ್ಪ, ಆಮೇಲೆ ಬೇಗಬೇಗ. ಡಾಕ್ಟರ್ ಶ್ರೀಕಂಠಯ್ಯನವರು ಓಪಿಡಿಯಲ್ಲಿ ಕಾದಿದ್ದ ರೋಗಿಗಳಿಗೆಲ್ಲ ಕೇಳಿಸುವಂತೆ, "ಏನಪ್ಪಾ, ಕದ್ದು ತಿಂತಿದೀಯಾ?" ಎಂದು ಕೇಳಿದರು. ಇಲ್ಲ ಎಂದರು ಆಂಜಿನಪ್ಪ. "ಹಾಗಾದ್ರೆ ಗಾಳಿ ಕುಡಿದು ಏರ್ತಾ?" ಎಂದರು ಡಾಕ್ಟರು. ಆಂಜಿನಪ್ಪ ಅವತ್ತು ತಮಾಷೆ ಮಾಡಲಿಲ್ಲ. ನನ್ನ ಮೇಜಿನ ಕಡೆಗೂ ಬರದೆ ಹೊರಟುಹೋದರು.

ಎರಡು ದಿನ ಬಿಟ್ಟು ಒಬ್ಬ ಹೆಂಗಸು ನೇರವಾಗಿ ನನ್ನ ಮೇಜಿಗೆ ಬಂದು ನಿಂತರು. ಸಣಕಲು ಮೈಕಟ್ಟು, ಕೈಯಲ್ಲಿ ತರಕಾರಿ ಚೀಲ. ಆಂಜಿನಪ್ಪನವರ ಹೆಂಡತಿ ರತ್ನಮ್ಮ.

"ನಮ್ಮೆಜಮಾನ್ರು ಸುಳ್ಳು ಯೋಳ್ತಾರೆ ಅಂತ ಯಾರ್ ಯೋಳಿದ್ದು ಮೇಡಂ? ನೀವಾ, ಆ ಡಾಕ್ಟ್ರಾ?"

ನಾನು ಸಮಾಧಾನ ಮಾಡಲು ಹೋದೆ. ಅವರು ಬಿಡಲಿಲ್ಲ.

"ಬಡ್ಸೋಳು ನಾನು. ಅವ್ರ್ ತಟ್ಟೇಲಿ ಏನೈತೆ ಅಂತ ನಂಗೆ ಗೊತ್ತಿಲ್ವಾ? ನನ್ ಮಾತೂ ನಂಬಲ್ಲ ಅಂದ್ರೆ ನೀವೇ ಬನ್ನಿ. ಒಂದೊತ್ತು ನಮ್ಮನೇಲಿ ಉಂಡು ನೋಡಿ."

ಅವರ ಕಣ್ಣಲ್ಲಿ ನೀರಿತ್ತು, ಆದರೆ ದನಿ ಸ್ವಲ್ಪವೂ ಇಳಿಯಲಿಲ್ಲ. ಆ ಭಾನುವಾರ ನಾನು ಕೊಡಿಗೇಹಳ್ಳಿಗೆ ಹೋದೆ. ಡಯಟಿಷಿಯನ್ ಆದವಳು ರೋಗಿಯ ಮನೆಗೆ ಹೋಗುವ ಪದ್ಧತಿಯೇನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಯಾರಿಗೂ ಹೇಳದೆ ಹೋದೆ.

ಸುತ್ತಲೂ ಎತ್ತರದ ಕಟ್ಟಡಗಳು, ನಡುವೆ ಅವರ ಹಂಚಿನ ಮನೆ. ನಡುಮನೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಅಕ್ಕಪಕ್ಕ ಕುಳಿತರು. ಪಿಳ್ಳಪ್ಪನವರು ಕಡ್ಡಿಯಂತಿದ್ದರು. ಅವತ್ತು ಅವರೆಕಾಳಿನ ಸಾರು, ಮುದ್ದೆ, ಅನ್ನ, ಹಪ್ಪಳ. ಪಿಳ್ಳಪ್ಪ ಎರಡು ಮುದ್ದೆ ನುಂಗಿ, ಮೇಲೆ ಅನ್ನ ಹಾಕಿಸಿಕೊಂಡು, ಅದಕ್ಕೆ ಮೊಸರು ಕಲಸಿಕೊಂಡರು. ಆಂಜಿನಪ್ಪನವರ ತಟ್ಟೆಯಲ್ಲಿ ಅರ್ಧ ಮುದ್ದೆ, ಸಾರು, ಸೌತೆಕಾಯಿ ಹೋಳು. ಅವರು ನಿಧಾನವಾಗಿ ತಿನ್ನುತ್ತಿದ್ದರು. ಕಣ್ಣು ಮಾತ್ರ ಅನ್ನದ ಪಾತ್ರೆಯ ಮೇಲೆ.

"ಇನ್ನೂ ಹಸಿವಿದೆಯಾ?" ಎಂದು ಕೇಳಿದೆ.

"ಯಾವಾಗ್ಲೂ ಐತೆ ಮೇಡಂ" ಎಂದರು. "ಸಣ್ಣ ಆದ್ಮೇಲಿಂದ ಹಸಿವು ಜಾಸ್ತಿ ಆಗೈತೆ. ಮೊದ್ಲು ಇಂಗಿರ್ಲಿಲ್ಲ. ಉಂಡು ಕೈ ತೊಳೆಯೋವಾಗ್ಲೇ ಹಸಿವು. ಒಂದೊಂದು ದಿನ ತಡೀಲಾರ್ದೆ ಬೇಕರಿಗೆ ಓಗ್ತೀನಿ, ಸುಳ್ಳ್ಯಾಕೆ. ಬಾಕಿ ದಿನ ಹಲ್ಲು ಕಚ್ಕೊಂಡಿರ್ತೀನಿ. ಆದ್ರೂ ಏರ್ತಾ ಐತೆ."

ಪಿಳ್ಳಪ್ಪ ನಗುತ್ತಾ, "ಮನಸ್ಸು ಗಟ್ಟಿ ಇಲ್ಲ ಬಿಡಿ ಇವನಿಗೆ" ಎಂದು ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಸಿಕೊಂಡರು. ರತ್ನಮ್ಮ ಬಡಿಸುವ ಸೌಟನ್ನು ಪಾತ್ರೆಗೆ ಕುಕ್ಕಿ ಒಳಗೆ ಹೋದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಮಾಧಾನವಿರಲಿಲ್ಲ. ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ಅಡಿಗೆ. ಹೆಚ್ಚು ತಿಂದವರು ಕಡ್ಡಿ, ಹಲ್ಲು ಕಚ್ಚಿಕೊಂಡಿದ್ದವರು ದಪ್ಪ. ನನ್ನ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನ ಡಾಕ್ಟರ್ ಶ್ರೀಕಂಠಯ್ಯನವರಿಗೆ ಕಂಡದ್ದನ್ನು ಹೇಳಿದೆ. "ಭಾನುವಾರ ನೀವು ಬರ್ತೀರಿ ಅಂತ ಗೊತ್ತಿತ್ತಲ್ಲಮ್ಮ, ಅದಕ್ಕೇ ಕಡಿಮೆ ತಿಂದಿರ್ತಾನೆ" ಎಂದು ಮುಂದಿನ ರೋಗಿಯನ್ನು ಕರೆದರು.

ಆಂಜಿನಪ್ಪ ಬರುವುದನ್ನೇ ನಿಲ್ಲಿಸಿದರು. ಒಂದು ದಿನ ಅತ್ತೆಯನ್ನು ಕಣ್ಣಿನ ಪೊರೆಗೆ ತೋರಿಸಲು ರತ್ನಮ್ಮ ಒಬ್ಬರೇ ಕರೆತಂದಿದ್ದರು. ಯಜಮಾನರು ಎಲ್ಲಿ ಎಂದು ಕೇಳಿದೆ.

"ಇಂದ್ಗಡೆ ಆಂಬುಲೆನ್ಸ್ ನಿಲ್ಸೋ ಜಾಗ್ದಲ್ಲಿ ಅವ್ರೆ. ಮುಂದ್ಗಡೆಯಿಂದ ಬರಲ್ವಂತೆ. ಬಾಗ್ಲಲ್ಲಿ ಅವ್ರ್ದೇ ಬೋರ್ಡು ನಿಂತೈತಲ್ಲ, ಎಂಗ್ ಬತ್ತಾರೆ?"

ನಾನು ಹಿಂದಿನ ಗೇಟಿಗೆ ಹೋದೆ. ಅವರು ಅಂಗಡಿಯ ಗೂಡ್ಸ್ ಗಾಡಿಯಲ್ಲಿ ಸ್ಟಿಯರಿಂಗಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಹಾಡಹಗಲು, ಬಿಸಿಲು ಮುಖದ ಮೇಲೆಯೇ ಬೀಳುತ್ತಿತ್ತು. ಗೊರಕೆ ಗೇಟಿನವರೆಗೂ ಕೇಳುತ್ತಿತ್ತು. ಪಾಪ, ದಣಿದಿದ್ದಾರೆ ಎಂದುಕೊಂಡು ಎಬ್ಬಿಸದೆ ಬಂದೆ. ಮ್ಯಾನೇಜರಿಗೆ ಬೋರ್ಡು ತೆಗೆಸಿ ಎಂದು ಹೇಳಿದೆ. "ಅದರಿಂದ ಎಷ್ಟು ಜನ ವಿಚಾರಿಸ್ತಾರೆ ಗೊತ್ತಾ ಮೇಡಂ?" ಎಂದರು. ಬೋರ್ಡು ಅಲ್ಲೇ ಇತ್ತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ತುರ್ತು ಚಿಕಿತ್ಸಾ ವಿಭಾಗದಿಂದ ಫೋನು ಬಂತು, ನಿಮ್ಮ ಬೋರ್ಡಿನ ಮನುಷ್ಯ ಬಂದಿದ್ದಾರೆ ಎಂದು. ಓಡಿದೆ. ಮಗಳನ್ನು ಕಾಲೇಜಿಗೆ ಬಿಡಲು ಹೊರಟ ಆಂಜಿನಪ್ಪ ಏರ್‌ಪೋರ್ಟ್ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಗಾಡಿ ಓಡಿಸುತ್ತಲೇ ನಿದ್ದೆಗೆ ಜಾರಿದ್ದರು. ಮಗಳು ಕಿರುಚುವಷ್ಟರಲ್ಲಿ ಗಾಡಿ ರಸ್ತೆ ವಿಭಜಕ ಹತ್ತಿ ಲೈಟು ಕಂಬಕ್ಕೆ ಗುದ್ದಿತ್ತು. ಹುಡುಗಿಯ ಹಣೆಗೆ ಗಾಯ, ಹೊಲಿಗೆ ಹಾಕುತ್ತಿದ್ದರು. ಇವರ ಕಾಲರ್ ಮೂಳೆ ಮುರಿದಿತ್ತು. ನೋವಿನ ಕಡೆ ಗಮನವೇ ಇರಲಿಲ್ಲ. "ಮಗೀಗೆ ಏನೂ ಆಗಿಲ್ವಾ? ನಿಜ ಯೋಳಿ" ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಏನಿಲ್ಲ ಎಂದು ನಾನು ಕೈ ಹಿಡಿದು ಹೇಳಿದೆ. ಹುಡುಗಿಯೇ ಎದ್ದು ಬಂದು "ಅಪ್ಪಾ" ಎಂದ ಮೇಲೆ ಸುಮ್ಮನಾದರು.

ಆ ತಿಂಗಳಷ್ಟೇ ನಮ್ಮಲ್ಲಿಗೆ ಹೊಸ ವೈದ್ಯೆಯೊಬ್ಬರು ಸೇರಿದ್ದರು. ಆರ್.ಟಿ. ನಗರದ ಡಾಕ್ಟರ್ ಶಮೀನಾ, ಹಾರ್ಮೋನುಗಳ ತಜ್ಞೆ. ಮರುದಿನ ವಾರ್ಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಆಂಜಿನಪ್ಪ ದಿಂಬಿಗೊರಗಿ ಕುಳಿತಲ್ಲೇ ನಿದ್ದೆ ಮಾಡುತ್ತಿದ್ದರು. ಅವರನ್ನು ಎಬ್ಬಿಸದೆ ಶಮೀನಾ ಪಕ್ಕದಲ್ಲಿ ಕುಳಿತು ನೋಡಿದರು. ಗೊರಕೆ ಜೋರಾಯಿತು, ಹಠಾತ್ತನೆ ನಿಂತಿತು. ಎದೆ ಏಳುತ್ತಿತ್ತು, ಉಸಿರು ಬರುತ್ತಿರಲಿಲ್ಲ. ನನಗೆ ಗಾಬರಿಯಾಗುವಷ್ಟರಲ್ಲಿ ಅವರು ಒಮ್ಮೆಲೇ ಬೆಚ್ಚಿ ಉಸಿರೆಳೆದುಕೊಂಡರು.

"ನೋಡಿದ್ರಾ? ರಾತ್ರಿಯೆಲ್ಲ ಹೀಗೇ ಉಸಿರು ಕಟ್ಟಿ ಕಟ್ಟಿ ಎಚ್ಚರ ಆಗ್ತಿರುತ್ತೆ. ಇವರು ನಿಜವಾದ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ" ಎಂದರು.

ಆಂಜಿನಪ್ಪನವರಿಗೆ ಎಚ್ಚರವಾಯಿತು. ಡಾಕ್ಟರನ್ನು ಕಂಡೊಡನೆ ಮಗುವಿನಂತೆ ತಪ್ಪೊಪ್ಪಿಕೊಳ್ಳಲು ಶುರು ಮಾಡಿದರು. "ಬಯ್ಯಿರಿ ಮೇಡಂ. ನಂದೇ ತಪ್ಪು. ಬಾಯಿ ಚಪಲ. ಇಳಿಸ್ದೋನು ಉಳಿಸ್ಕೊಳ್ಳೋಕಾಗ್ಲಿಲ್ಲ."

ಶಮೀನಾ ಬಯ್ಯಲಿಲ್ಲ. "ನಿಮಗೆ ಬಿಪಿ ಇದೆ ಅಲ್ವಾ? ಮಾತ್ರೆ ನಿಲ್ಲಿಸಿದ್ರೆ ಏನಾಗುತ್ತೆ?"

"ಏರ್ತದೆ."

"ಏರಿದ್ರೆ ಅದು ನಿಮ್ಮ ತಪ್ಪಾ?"

ಅವರು ಅಲ್ಲವೆಂದು ತಲೆಯಾಡಿಸಿದರು.

"ಇದೂ ಹಾಗೇ ಒಂದು ಕಾಯಿಲೆ. ಕೆಲವರ ದೇಹ ಹುಟ್ಟಿನಿಂದಲೇ ಕೊಬ್ಬು ಕೂಡಿಡೋ ಥರ ಇರುತ್ತೆ. ಒಂದ್ಸಲ ತೂಕ ಏರಿತು ಅಂದ್ರೆ ದೇಹ ಅದನ್ನೇ ಸರಿ ಅಂದ್ಕೊಳ್ಳುತ್ತೆ. ನೀವು ಇಳಿಸಿದ್ರಿ. ಅದು ಹೆದರಿಕೊಂಡು ಹಸಿವು ಜಾಸ್ತಿ ಮಾಡ್ತು, ಶಕ್ತಿ ಖರ್ಚು ಮಾಡೋದನ್ನ ಕಡಿಮೆ ಮಾಡ್ತು. ಆ ಹಸಿವಿನ ಜೊತೆ ನೀವೊಬ್ಬರೇ ಗುದ್ದಾಡ್ತಾ ಇದ್ರಿ. ನಾವು ಯಾರೂ ಔಷಧಿ ಕೊಡಲಿಲ್ಲ, ಬೋರ್ಡು ಕೊಟ್ವಿ."

ಆಂಜಿನಪ್ಪ ಹೊದಿಕೆಯ ಅಂಚನ್ನು ನೀವಿದರು. ಆಮೇಲೆ ಕೇಳಿದರು: "ಅಂಗಾದ್ರೆ ನಾನು ಸುಳ್ಳ ಅಲ್ವಾ ಮೇಡಂ?"

"ಅಲ್ಲ."

ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಬಾಗಿಲ ಬಳಿ ನಿಂತಿದ್ದ ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನ್ ಯೋಳಿದ್ರೆ ಕೇಳ್ತಿರ್ಲಿಲ್ಲ ಯಾರೂ" ಎಂದರು. ನನ್ನ ಎದೆಯ ಮೇಲಿನ ಭಾರವೂ ಆ ಕ್ಷಣ ಇಳಿಯಿತು. ಅವರ ಮನೆಯಲ್ಲಿ ಉಂಡು ಬಂದ ದಿನದಿಂದ ನನ್ನನ್ನು ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಡಾಕ್ಟರ್ ಶ್ರೀಕಂಠಯ್ಯನವರು ಅಷ್ಟು ಬೇಗ ಒಪ್ಪಲಿಲ್ಲ. ಮಧ್ಯಾಹ್ನ ಊಟದ ಕೋಣೆಯಲ್ಲಿ, "ಕಾಯಿಲೆ ಅಂದುಬಿಟ್ರೆ ಜನ ಪ್ರಯತ್ನ ಬಿಟ್ಟುಬಿಡ್ತಾರಮ್ಮ" ಎಂದರು. ಅವರು ಊಟವಾದ ಮೇಲೆ ದಿನಾ ಒಂದು ಬಿಪಿ ಮಾತ್ರೆ ನುಂಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಶಮೀನಾ ನಗುತ್ತಾ, "ಸರ್, ನಿಮ್ಮ ಬಿಪಿ ಈಗ ನಾರ್ಮಲ್ ತಾನೇ? ಮಾತ್ರೆ ನಿಲ್ಲಿಸ್ತೀರಾ? ಕಾಯಿಲೆ ಅಂತ ಗೊತ್ತಾದ ಮೇಲೆ ನೀವು ಉಪ್ಪು ಕಡಿಮೆ ಮಾಡಿದ್ರಾ, ಜಾಸ್ತಿ ಮಾಡಿದ್ರಾ?" ಎಂದು ಕೇಳಿದರು. ಹಿರಿಯರು ಕೈಯಲ್ಲಿದ್ದ ಮಾತ್ರೆಯನ್ನು ಒಮ್ಮೆ ನೋಡಿದರು. ನುಂಗಿ ನೀರು ಕುಡಿದರು. "ಆ ಬೋರ್ಡು ತೆಗೆಸಿಬಿಡಿ" ಎಂದು ಎದ್ದು ಹೋದರು. ಅವರು ಹೇಳಿದ ಮೇಲೆ ಮ್ಯಾನೇಜರ್ ತಡ ಮಾಡಲಿಲ್ಲ. ಸಂಜೆಯೊಳಗೆ ಬೋರ್ಡು ಇರಲಿಲ್ಲ.

ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ತೂಕದ ಮಿಷನ್ನು, ನನ್ನ ಮೇಜು ಎರಡೂ ಬಾಗಿಲಿರುವ ಕೋಣೆಗೆ ಹೋದವು. ಕೈಗಳಿಲ್ಲದ ಅಗಲ ಕುರ್ಚಿಗಳು ಬಂದವು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿ ಬಿಪಿ ನೋಡಿದರೆ ಇಲ್ಲದ ಬಿಪಿಯನ್ನೂ ಇದೆ ಎಂದು ತೋರಿಸುತ್ತದೆಂದು ಶಮೀನಾ ದೊಡ್ಡ ಪಟ್ಟಿ ತರಿಸಿದರು. ನನ್ನ ಅಚ್ಚಿನ ಹಾಳೆಗಳನ್ನು ನಾನೇ ರದ್ದಿಗೆ ಹಾಕಿದೆ. ಅವರವರ ಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿ, ಅದರಲ್ಲೇ ದಾರಿ ಹುಡುಕುವುದನ್ನು ಕಲಿತೆ. ಆಂಜಿನಪ್ಪನವರಿಗೆ ಓಟ್ಸ್ ತಪ್ಪಿತು. ಅರ್ಧ ಮುದ್ದೆ, ಸಾರಿನಲ್ಲಿ ಕಾಳು ಹೆಚ್ಚು, ಸೊಪ್ಪು, ಮೊಟ್ಟೆ. ಹಬ್ಬದ ದಿನ ಒಂದು ಹೋಳಿಗೆ, ಅದನ್ನು ಎಲ್ಲರೆದುರೇ ತಿನ್ನುವುದು.

ಊಟ ಒಂದು ಭಾಗ ಮಾತ್ರ. ನಿದ್ದೆಯ ಪರೀಕ್ಷೆ ಮಾಡಿಸಿ, ಮೂಗಿಗೆ ಮಾಸ್ಕ್ ಹಾಕಿ ಗಾಳಿ ಊದುವ ಮಿಷನ್ ಕೊಟ್ಟರು. ಮೊದಲ ವಾರ ಅವರು ಅದನ್ನು ಕಿತ್ತು ಕಿತ್ತು ಎಸೆದರಂತೆ. ಮಾಸ್ಕಿನ ಅಳತೆ ಬದಲಿಸಿದ ಮೇಲೆ ಒಗ್ಗಿತು. ಆಗ ರತ್ನಮ್ಮ ಫೋನ್ ಮಾಡಿದ್ದು ನನಗೆ ಇನ್ನೂ ನೆನಪಿದೆ.

"ಮೇಡಂ, ನಿನ್ನೆ ನಮ್ಮನೇಲಿ ಎಲ್ರೂ ನಿದ್ದೆ ಮಾಡಿದ್ವಿ! ಗೊರ್ಕೆ ಇಲ್ದಿದ್ದಕ್ಕೆ ನಂಗೇ ಭಯ ಆಗಿ ಮುಟ್ಟಿ ಮುಟ್ಟಿ ನೋಡ್ದೆ. ಬಾವ್ನೋರು ಬೆಳಿಗ್ಗೆ ಎದ್ದು, ತಮ್ಮ ಊರಿಗೋದ್ನಾ ಅಂತ ಕೇಳ್ತಾವ್ರೆ."

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಕ್ಕಿದ್ದೇ ನಕ್ಕಿದ್ದು.

ಹಗಲಿನ ಜೋಂಪು ಹೋಯಿತು. ಆಮೇಲೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ, ಹಸಿವು ತಗ್ಗಿಸುವ ಹೊಸ ಔಷಧಿಗಳು ನಮ್ಮಲ್ಲಿಗೂ ಬಂದವು. ಅವು ಎಲ್ಲರಿಗೂ ಅಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ. ಆಂಜಿನಪ್ಪನವರಿಗೆ ಮೊದಲು ಹೊಟ್ಟೆ ತೊಳಸಿ ಬಹಳ ಕಷ್ಟವಾಯಿತು. ಪ್ರಮಾಣ ನಿಧಾನವಾಗಿ ಏರಿಸಿದ ಮೇಲೆ ತಡೆದುಕೊಂಡರು. ಒಂದು ದಿನ ಬಂದು ಆಶ್ಚರ್ಯದಿಂದ ಹೇಳಿದರು: "ಮೇಡಂ, ಮುದ್ದೆ ಉಂಡೆ, ಸಾಕು ಅನ್ನಿಸ್ತು. ಸಾಕು ಅಂದ್ರೆ ಇಂಗಿರ್ತದಾ? ನಮ್ಮಣ್ಣಂಗೆ ದಿನಾ ಇಂಗೇ ಅನ್ಸೋದಾ?" ಬೇರೆಯವರಿಗೆ ಪ್ರತಿ ಊಟದಲ್ಲಿ ಪುಕ್ಕಟೆಯಾಗಿ ಸಿಗುವ ತೃಪ್ತಿ ಈ ಮನುಷ್ಯನಿಗೆ ಆ ವಯಸ್ಸಿನಲ್ಲಿ ಮೊದಲ ಸಲ ಸಿಕ್ಕಿತ್ತು. ಮನಸ್ಸು ಗಟ್ಟಿ ಇಲ್ಲ ಎನ್ನುತ್ತಿದ್ದ ಪಿಳ್ಳಪ್ಪನವರ ಮಾತು ಆಗ ನೆನಪಾಯಿತು. ಅವರ ಮನಸ್ಸನ್ನು ಹಸಿವು ಯಾವತ್ತೂ ಪರೀಕ್ಷೆ ಮಾಡಿಯೇ ಇರಲಿಲ್ಲ.

ಆಂಜಿನಪ್ಪ ಬೋರ್ಡಿನ ಎರಡನೇ ಫೋಟೋದಷ್ಟು ಸಣ್ಣಗೆ ಮತ್ತೆಂದೂ ಆಗಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಮಂಡಿ ನೋವು ತಗ್ಗಿತು, ಬಿಪಿ ಹತೋಟಿಗೆ ಬಂತು, ಮಗಳ ಮದುವೆಯಲ್ಲಿ ಧಾರೆ ಮುಗಿಯುವವರೆಗೂ ನೆಲದ ಮೇಲೆ ಕುಳಿತು ಎದ್ದರು. ಯಾರ ಆಸರೆಯನ್ನೂ ಹಿಡಿಯದೆ ಎದ್ದರು ಎಂದು ರತ್ನಮ್ಮ ನನ್ನ ಕಿವಿಯಲ್ಲಿ ಹೇಳಿದರು.

ಮದುವೆಯಾದ ಮೇಲೆ ಅವರು ಕೆಲವು ತಿಂಗಳು ಕಾಣಲಿಲ್ಲ. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ವಿಚಾರಿಸಿದಾಗ ಗೊತ್ತಾಯಿತು, ಎಲ್ಲ ಸರಿಹೋಯಿತಲ್ಲ ಎಂದು ಇಂಜೆಕ್ಷನ್ ಅವರೇ ನಿಲ್ಲಿಸಿದ್ದಾರೆ. ನನಗೆ ಹಳೆಯ ಭಯ ಮರಳಿ ಬಂತು. ತೂಕ ಏರುತ್ತದೆ, ಅವರು ನಾಚಿಕೊಳ್ಳುತ್ತಾರೆ, ಮತ್ತೆ ಹಿಂದಿನ ಗೇಟಿನಲ್ಲಿ ಗಾಡಿ ನಿಲ್ಲಿಸಿ ಕುಳಿತುಬಿಡುತ್ತಾರೆ ಎಂದುಕೊಂಡೆ. ಫೋನ್ ಮಾಡಬೇಕೆಂದು ಎರಡು ಮೂರು ಸಲ ಕೈಗೆತ್ತಿಕೊಂಡೆ. ಕರೆದರೆ ತಪ್ಪು ಹಿಡಿದಂತಾಗುತ್ತದೇನೋ ಎಂದು ಬಿಟ್ಟೆ.

ಒಂದು ಸೋಮವಾರ ಬೆಳಿಗ್ಗೆ ಓಪಿಡಿ ತುಂಬಿತ್ತು. ನನ್ನ ಕೋಣೆಯ ಬಾಗಿಲು ತೆರೆದು ಮುಂದಿನ ಹೆಸರು ಕರೆಯಲು ನಿಂತಾಗ ಮುಖ್ಯ ಬಾಗಿಲಿನಿಂದ ಆಂಜಿನಪ್ಪ ಬರುತ್ತಿದ್ದರು. ಮುಖ ದುಂಡಗಾಗಿತ್ತು, ಅಂಗಿಯ ಗುಂಡಿ ಬಿಗಿದಿತ್ತು. ನನ್ನನ್ನು ಕಂಡು ದೂರದಿಂದಲೇ, ಅಂಗಡಿಯಲ್ಲಿ ಲೋಡು ಇಳಿಸುವವರನ್ನು ಕೂಗುವ ದನಿಯಲ್ಲಿ ಹೇಳಿದರು:

"ಮೇಡಂ, ಔಷಧಿ ನಿಲ್ಸ್ಬಿಟ್ಟಿದ್ದೆ, ಮತ್ತೆ ಏರ್ಬಿಟ್ಟೈತೆ! ಶಮೀನಾ ಮೇಡಂ ಅವ್ರಾ? ನೋಡ್ಬೇಕಲ್ಲ."

ಬಿಪಿ ಏರಿದೆ, ನೋಡಿ ಎಂದು ಜನ ಹೇಳುವ ಹಾಗೆ, ಅಷ್ಟು ಸಲೀಸಾಗಿ. "ಇದ್ದಾರೆ, ಕೂತ್ಕೊಳ್ಳಿ" ಎಂದೆ.

ಬೆಂಚಿನ ತುದಿಯಲ್ಲಿ ಒಬ್ಬ ತುಂಬು ಮೈಯ ಹೆಂಗಸು ವೇಲಿನಿಂದ ಮುಖ ಅರ್ಧ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಿದ್ದಳು. ಪುಟ್ಟೇನಹಳ್ಳಿಯಿಂದ ಬಂದ ಹೊಸ ರೋಗಿ. ಆಂಜಿನಪ್ಪನವರ ಮಾತು ಕೇಳಿ ಮೆಲ್ಲಗೆ ಈ ಕಡೆ ತಿರುಗಿದಳು.

"ಇಳಿಸಿದ ಮೇಲೂ ಏರುತ್ತಾ ಸರ್?" ಎಂದು ಕೇಳಿದಳು. "ನನಗೆ ಮೂರು ಸಲ ಹಾಗೇ ಆಯ್ತು. ಯಾರಿಗೂ ಹೇಳಿಲ್ಲ."

"ಏರ್ತದೆ ಕಣಮ್ಮ" ಎಂದರು ಆಂಜಿನಪ್ಪ, ಅವಳ ಪಕ್ಕ ಕೂರುತ್ತಾ. "ಏರಿದ್ರೆ ಬಂದ್ಬಿಡ್ಬೇಕು ಅಷ್ಟೇಯ. ಇಲ್ಲಿ ಯಾರೂ ಬಯ್ಯಲ್ಲ."

ಅವಳು ಮುಖದ ಮೇಲಿನ ವೇಲು ತೆಗೆದು ಹೆಗಲಿಗೆ ಹಾಕಿಕೊಂಡಳು. ನಾನು ಅವಳ ಹೆಸರು ಕರೆದೆ.